ಅಕೌಂಟ್ಸ್ ಬಿಟ್ಟು ಕೆರೆ ಕೆಲಸಕ್ಕೆ ಬರುವವರಿಗೆ

ಪೀಣ್ಯದ ಒಂದು ಗಾರ್ಮೆಂಟ್ಸ್‌ನಲ್ಲಿ ಹನ್ನೊಂದು ವರ್ಷ ಲೆಕ್ಕ ಬರೆದೆ. ಈಗ ಕೆರೆಗಳಿಗೆ ಜೀವ ತುಂಬುವ ಸಣ್ಣ ತಂಡವೊಂದರಲ್ಲಿದ್ದೇನೆ. 'ನಾನೂ ಬರಬೇಕು, ಏನು ಓದಲಿ ಅಕ್ಕಾ?' ಅಂತ ಕೇಳುವವರು ಜಾಸ್ತಿಯಾಗಿದ್ದಾರೆ. ಓದು ಆಮೇಲೆ. ಮೊದಲು ಮನೆ ಹತ್ತಿರದ ಒಂದು ಕೆರೆ ಹಿಡಿಯಿರಿ. ಒಂದೇ ಕೆರೆ, ಪೂರ್ತಿ ಒಂದು ವರ್ಷ. ಇದ್ದ ಕೆಲಸ ಬಿಡದೇ ಮಾಡಬಹುದು.

ವಾರಕ್ಕೊಮ್ಮೆ ಅದೇ ಜಾಗದಲ್ಲಿ ನಿಂತು ಫೋಟೊ ತೆಗೆದು, ದಿನಾಂಕ ಹಾಕಿ ನೋಟ್‌ಬುಕ್‌ನಲ್ಲಿ ಬರೆಯಿರಿ. ನೀರು ಎಲ್ಲಿಂದ ಬರುತ್ತೆ, ಕೆರೆಯಿಂದ ನೀರು ಬಿಡುವ ತೂಬು ಎಲ್ಲಿದೆ, ಕೋಡಿ ಹರಿದ ನೀರು ಮುಂದೆ ಯಾವ ಕೆರೆಗೆ ಹೋಗುತ್ತೆ, ನಡೆದೇ ನೋಡಿ. ಫೋನಿಗೆ ದಿಶಾಂಕ್ ಆ್ಯಪ್ ಹಾಕಿಕೊಳ್ಳಿ. ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ. ನಾನು ದಿನಾ ಓಡಾಡುವ ರಸ್ತೆಯ ಒಂದು ತುಂಡು ಅದರಲ್ಲಿ ರಾಜಕಾಲುವೆ, ಅಂದರೆ ಮಳೆನೀರು ಹರಿಯುವ ದೊಡ್ಡ ಕಾಲುವೆ, ಅಂತ ಕಂಡಾಗ ಎದೆ ಧಸಕ್ ಅಂದಿತ್ತು. ಇನ್ನೊಂದು ಮಾತು: ಮಳೆಯೇ ಇಲ್ಲದ ಮಾರ್ಚಿನಲ್ಲೂ ಕಾಲುವೆ ತುಂಬಿ ಹರಿಯುತ್ತಿದ್ದರೆ ಅದು ಬಹುಪಾಲು ಮನೆಗಳ ಕೊಳಚೆ. ಆ ಹರಿವನ್ನು ತಪ್ಪದೇ ಗುರುತು ಮಾಡಿಕೊಳ್ಳಿ. ಹಳ್ಳಿ ಕಡೆಯ ಕೆರೆಯಾದರೆ ಕೆರೆ ನೀರು ಹಂಚುತ್ತಿದ್ದ ಹಳೇ ನೀರುಗಂಟಿ ಮನೆತನ ಯಾವುದು ಅಂತ ವಿಚಾರಿಸಿ, ಅವರ ಜೊತೆ ಏರಿ ಮೇಲೆ ಒಂದು ಸುತ್ತು ಹಾಕಿ.

ನಿಮ್ಮ ಹಳೇ ಕೆಲಸವನ್ನು ಸುಮ್ನೆ ಎಸೆಯಬೇಡಿ. ನನಗೆ ಗಿಡಗಳ ಹೆಸರು ಬರುತ್ತಿರಲಿಲ್ಲ, ಆದರೆ ಎಸ್ಟಿಮೇಟ್ ಓದಲು ಬರುತ್ತಿತ್ತು. ಒಂದು ಕೆರೆಯ ಹೂಳೆತ್ತುವ ಎಸ್ಟಿಮೇಟ್‌ನಲ್ಲಿ ಉದ್ದ, ಅಗಲ ಸಾಲುಸಾಲಿಗೂ ಬದಲಾಗುತ್ತಿತ್ತು, ಆಳ ಮಾತ್ರ ಎಲ್ಲ ಕಡೆ 2 ಮೀಟರ್. ಅಂದರೆ ಅಂಚಿನವರೆಗೂ ತೊಟ್ಟಿಯ ಹಾಗೆ ಒಂದೇ ಆಳಕ್ಕೆ ತೋಡುತ್ತಾರೆ. ನೀರಲ್ಲಿ ನಿಂತು ಮೇಯುವ ಉದ್ದ ಕಾಲಿನ ಮೆಟ್ಟುಗಾಲು ಹಕ್ಕಿ ನಿಲ್ಲುವುದು ಎಲ್ಲಿ? ಅದಕ್ಕೆ ಗೇಣುದ್ದದ ನೀರು ಸಾಕು, ಜೊಂಡಿಗೂ ಆಳವಿಲ್ಲದ ಅಂಚೇ ಬೇಕು. ಆ ಒಂದು ಕಾಲಂ ತೋರಿಸಿ ಅಂಚನ್ನು ಇಳಿಜಾರು ಮಾಡಿಸಿದೆವು. ಅದು ನನ್ನ ಬದುಕಿನ ಅತ್ಯಂತ ಒಳ್ಳೆಯ ಲೆಕ್ಕ.

ಲೆಕ್ಕದವರಿಗೆ ಇನ್ನೊಂದು ದಾರಿಯೂ ಇದೆ. 2013ರ ಕಂಪನಿ ಕಾಯ್ದೆ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಲಾಭದ ಸರಾಸರಿಯಲ್ಲಿ ಶೇ. 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಖರ್ಚು ಮಾಡಬೇಕು. ಬೆಂಗಳೂರಿನ ಹಲವು ಕೆರೆಗಳಿಗೆ ಹಣ ಬಂದಿದ್ದೇ ಹೀಗೆ. ಆ ಖರ್ಚಿನ ವರದಿ ಬರೆಯುವವರು ತಂಡಗಳಿಗೆ ಬೇಕು.

ಓದಿನ ವಿಷಯ: ಕ್ಯೂಜಿಐಎಸ್ ಉಚಿತ ಸಾಫ್ಟ್‌ವೇರ್. ರಾತ್ರಿ ಒಂದೊಂದು ಗಂಟೆ ಕೂತರೆ ನಕ್ಷೆ ಮಾಡುವಷ್ಟು ಬರುತ್ತೆ. ಸಂಶೋಧನೆಗೇ ಹೋಗಬೇಕು ಅನ್ನುವವರಿಗೆ ಬೆಂಗಳೂರಿನಲ್ಲೇ ಏಟ್ರೀ ಅನ್ನುವ ಪರಿಸರ ಸಂಶೋಧನಾ ಸಂಸ್ಥೆ ಇದೆ, ಜೀವವಿಜ್ಞಾನ ಸಂಸ್ಥೆ ಎನ್‌ಸಿಬಿಎಸ್‌ನಲ್ಲಿ ವನ್ಯಜೀವಿ ವಿಷಯದ ಎಂಎಸ್ಸಿ ಇದೆ. ಜಕ್ಕೂರು ಕೆರೆಗೂ ಒಮ್ಮೆ ಹೋಗಿಬನ್ನಿ. ಅಲ್ಲಿ ಕೊಳಚೆ ಶುದ್ಧೀಕರಣ ಘಟಕದ ನೀರು ಜೊಂಡು ಬೆಳೆದ ಜೌಗಿನ ಮೂಲಕ ಕೆರೆ ಸೇರುತ್ತದೆ.

ದುಡ್ಡಿನ ಬಗ್ಗೆ ನೇರವಾಗಿ ಹೇಳುತ್ತೇನೆ. ನನ್ನ ಸಂಬಳ ಅರ್ಧಕ್ಕೆ ಇಳಿಯಿತು. ಒಂದು ವರ್ಷದ ಮನೆಖರ್ಚು ಕೈಲಿಟ್ಟುಕೊಂಡೇ ರಾಜೀನಾಮೆ ಕೊಡಿ, ಮನೆಯವರಿಗೆ ಮೊದಲೇ ಹೇಳಿ.

ಕೆಲಸ ಕೇಳಲು ಹೋಗುವಾಗ ಆ ವರ್ಷದ ನೋಟ್‌ಬುಕ್ ತಗೊಂಡು ಹೋಗಿ. ನನ್ನನ್ನು ಸಂದರ್ಶನ ಮಾಡಿದವರು ಸರ್ಟಿಫಿಕೇಟ್‌ಗಳನ್ನು ಪಕ್ಕಕ್ಕಿಟ್ಟು, ನೋಟ್‌ಬುಕ್‌ನ ಮಾರ್ಚ್ ತಿಂಗಳ ಪುಟ ತೆಗೆದು, 'ಈ ನೀರು ಎಲ್ಲಿಂದ ಬರ್ತಿದೆ?' ಅಂತ ಕೇಳಿದ್ದರು.