ಸಂಜೆ ದೀಪಕ್ಕೆ ಬಂದ ಹುಳವನ್ನು ಗುಡಿಸಿ ಎಸೆಯಬೇಡಿ

ದಕ್ಷಿಣ ಫ್ಲೋರಿಡಾದಲ್ಲಿ ಹೊಸದಾಗಿ ಮನೆ ಮಾಡಿರುವ ನಮ್ಮ ಮಕ್ಕಳಿಗೆ ನಾನು ಮೊದಲು ಹೇಳುವ ಮಾತು ಇದು. ಫೆಬ್ರವರಿಯಿಂದ ಜೂನ್‌ವರೆಗೆ, ಕತ್ತಲಾಗುವ ಹೊತ್ತಿಗೆ, ಬಾಗಿಲ ದೀಪಕ್ಕೆ ಗೆದ್ದಲಿನ ರೆಕ್ಕೆಹುಳ ಮುತ್ತುತ್ತವೆ. ಊರಿನ ಮಳೆಹುಳ ಅಂದುಕೊಂಡು ಸುಮ್ನೆ ಬಿಡಬೇಡಿ. ಊರಲ್ಲಾದರೆ ಹೊಲದ ಬದುವಿನಲ್ಲಿ ಹುತ್ತ ಕಣ್ಣಿಗೆ ಕಾಣುತ್ತದೆ. ಇಲ್ಲಿಯವು ಹಾಗೆ ಹುತ್ತ ಎಬ್ಬಿಸುವುದಿಲ್ಲ. ನೆಲದೊಳಗೆ, ಗೋಡೆಯೊಳಗೆ ಇದ್ದುಕೊಂಡೇ ಮರ ತಿನ್ನುತ್ತವೆ.

ಜಾಸ್ತಿ ಹಾಳು ಮಾಡುವ ಎರಡು ಜಾತಿಗಳೂ ಏಷ್ಯಾದ ಕಡೆಯವು. ಫಾರ್ಮೋಸನ್ ಗೆದ್ದಲು ಈ ಭಾಗದಲ್ಲಿ ಮೊದಲು ಸಿಕ್ಕಿದ್ದು 1980ರಲ್ಲಿ, ಹ್ಯಾಲಂಡೇಲ್‌ನಲ್ಲಿ. ಏಷ್ಯನ್ ಗೆದ್ದಲು 1996ರಲ್ಲಿ, ಮಿಯಾಮಿಯಲ್ಲಿ. ಈಗ ಫೋರ್ಟ್ ಲಾಡರ್‌ಡೇಲ್ ಸುತ್ತ ಎರಡೂ ಒಂದಕ್ಕೊಂದು ಕೂಡಿ ಮಿಶ್ರ ಗೂಡುಗಳೂ ಆಗಿವೆ.

ಬಿದ್ದ ಹುಳವನ್ನು ಹತ್ತಿರದಿಂದ ನೋಡಿ. ನಾಲ್ಕು ರೆಕ್ಕೆಯೂ ಒಂದೇ ಉದ್ದ ಇದ್ದು, ಸೊಂಟ ದಪ್ಪಗಿದ್ದರೆ ಗೆದ್ದಲು. ಮುಂದಿನ ರೆಕ್ಕೆ ಉದ್ದ, ಹಿಂದಿನದು ಗಿಡ್ಡ, ಸೊಂಟ ಸಣ್ಣ ಇದ್ದರೆ ಇರುವೆ. ನಾಲ್ಕೈದು ಹುಳ ಹಿಡಿದು ಔಷಧಿ ಅಂಗಡಿಯ ರಬ್ಬಿಂಗ್ ಆಲ್ಕೋಹಾಲ್ ತುಂಬಿದ ಸಣ್ಣ ಬಾಟಲಿಗೆ ಹಾಕಿ, ತಾರೀಕು ಬರೆದಿಡಿ. ಯಾವ ಜಾತಿ ಎಂದು ಗೊತ್ತಾಗದೆ ಯಾವ ಔಷಧಿಯೂ ಸರಿಯಾಗುವುದಿಲ್ಲ. ಕಿಟಕಿ ಅಂಚಿನಲ್ಲಿ, ಮನೆಯ ಒಳಗಡೆ, ಉದುರಿದ ರೆಕ್ಕೆಗಳ ರಾಶಿ ಇದ್ದರೆ ಕೂಡಲೇ ಪರೀಕ್ಷೆ ಮಾಡಿಸಿ. ಒಂದು ಗೂಡಿನಿಂದ ಹೀಗೆ ರೆಕ್ಕೆಹುಳ ಹೊರಡಬೇಕಾದರೆ ಆ ಗೂಡಿಗೆ ಎಷ್ಟೋ ವರ್ಷ ಆಗಿರುತ್ತದೆ.

ನಮ್ಮನೆಯಲ್ಲಿ ಸಿಕ್ಕಿದ್ದು ಬಚ್ಚಲಮನೆ ಬಾಗಿಲ ಚೌಕಟ್ಟಿನಲ್ಲಿ. ಬಣ್ಣ ಸ್ವಲ್ಪ ಉಬ್ಬಿತ್ತು, ಅಷ್ಟೇ. ಹೆಬ್ಬೆರಳಿನಿಂದ ಒತ್ತಿದೆ. ಹಪ್ಪಳ ಮುರಿದ ಹಾಗೆ ಒಳಗೆ ಹೋಯಿತು. ಒಳಗೆ ಮರವೇ ಇಲ್ಲ, ಒದ್ದೆ ಮಣ್ಣು, ಅದರಲ್ಲಿ ಬಿಳಿ ಹುಳ. ಕಿತ್ತಳೆ ತಲೆಯ ಒಂದು ಸಿಪಾಯಿ ಹುಳ ಸ್ಕ್ರೂಡ್ರೈವರ್ ತುದಿಯನ್ನೇ ಕಚ್ಚಿತು. ಅದರ ಹಣೆಯಿಂದ ಹಾಲಿನಂಥ ಒಂದು ಹನಿ ಬಂತು. ಈ ಬಿಳಿ ಹನಿ ಕಂಡರೆ ಈ ಎರಡು ಜಾತಿಗಳಲ್ಲಿ ಒಂದು ಎಂದು ಅನುಮಾನ ಪಡಿ. ಚೌಕಟ್ಟಿನ ಹಿಂದೆ ಎಸಿ ನೀರಿನ ಪೈಪು ಸೋರುತ್ತಿತ್ತು. ಆವತ್ತಿನಿಂದ ನಾನು ಹುಳ ಹುಡುಕುವುದಿಲ್ಲ, ನೀರು ಹುಡುಕುತ್ತೇನೆ. ಸಿಂಕಿನ ಕೆಳಗೆ, ಎಸಿ ನೀರು ಬೀಳುವ ಜಾಗ, ಗೋಡೆಗೆ ತಾಗುವ ಸ್ಪ್ರಿಂಕ್ಲರ್, ಗೋಡೆಗೆ ಒತ್ತಿ ಹಾಕಿದ ಮರದ ಚಕ್ಕೆ.

ಮೊದಲು ಬಂದವನು ಕಂಡ ಜಾಗಕ್ಕೆ ಸ್ಪ್ರೇ ಹೊಡೆದು ದುಡ್ಡು ತೆಗೆದುಕೊಂಡು ಹೋದ. ಎಂಟು ತಿಂಗಳಲ್ಲಿ ಪಕ್ಕದ ಗೋಡೆಯಲ್ಲಿ ಮಣ್ಣಿನ ಗೆರೆ ಎದ್ದಿತು. ಕಂಡಷ್ಟು ಸತ್ತರೆ ಗೂಡು ಸಾಯುವುದಿಲ್ಲ. ಆಮೇಲೆ ಮನೆ ಸುತ್ತ ನೆಲದಲ್ಲಿ ಬೇಟ್ ಡಬ್ಬಿ ಹೂಳಿಸಿದೆವು. ಅದರ ಔಷಧಿ ತಿಂದ ಹುಳ ತಕ್ಷಣ ಸಾಯುವುದಿಲ್ಲ, ಗೂಡಿಗೆ ಹೋಗಿ ಬಾಯಿಂದ ಬಾಯಿಗೆ ಹಂಚುತ್ತದೆ. ಪೊರೆ ಕಳಚುವ ಹೊತ್ತಿಗೆ ಹೊಸ ಪೊರೆ ಕಟ್ಟದೆ ಸಾಯುತ್ತವೆ. ತಿಂಗಳುಗಟ್ಟಲೆ ಕಾಯಬೇಕು. ಮನೆಯ ತಳಪಾಯದ ಸುತ್ತ ಮಣ್ಣಿಗೆ ಔಷಧಿ ಹಾಕಿಸುವುದು ಇನ್ನೊಂದು ದಾರಿ. ಯಾವ ದಾರಿಯಾದರೂ ಲೈಸೆನ್ಸ್ ಇರುವವರಿಂದಲೇ ಮಾಡಿಸಿ. ಒಪ್ಪಂದದಲ್ಲಿ ಫಾರ್ಮೋಸನ್, ಏಷ್ಯನ್ ಎರಡೂ ಸೇರಿದೆಯಾ, ರಿಪೇರಿ ಖರ್ಚು ಕೊಡುತ್ತಾರಾ ಎಂದು ಓದಿ ನೋಡಿ. ಸಾಮಾನ್ಯವಾಗಿ ಮನೆ ವಿಮೆಯಲ್ಲಿ ಗೆದ್ದಲಿನ ನಷ್ಟಕ್ಕೆ ದುಡ್ಡು ಬರುವುದಿಲ್ಲ.

ಇನ್ನು ಬೋಟು. ನೀರಿನ ಮೇಲಿರುವುದಕ್ಕೆ ಗೆದ್ದಲು ಎಲ್ಲಿಂದ ಬರಬೇಕು ಅನ್ನಿಸುತ್ತದೆ, ಅಲ್ವಾ? ರೆಕ್ಕೆಹುಳ ಡೆಕ್ಕಿನ ದೀಪಕ್ಕೆ ಹಾರಿ ಬರುತ್ತದೆ. ಮಳೆನೀರು ಸೋರಿ ಒದ್ದೆಯಾದ ಮರ ಸಿಕ್ಕರೆ ಸಾಕು, ಮಣ್ಣೇ ಬೇಡ, ಅಲ್ಲೇ ಗೂಡು. ಫೈಬರ್‌ಗ್ಲಾಸ್ ಬೋಟು ಎಂದು ಧೈರ್ಯವಾಗಿ ಇರಬೇಡಿ. ಎಷ್ಟೋ ಬೋಟುಗಳ ಒಳಗೆ ಪ್ಲೈವುಡ್ಡೇ ಇರುತ್ತದೆ. ತಳದ ಮೂಲೆಗಳಲ್ಲಿ ಒಣಗಿದ ಬೆರಣಿಯಂಥ ಕಂದು ಗೂಡು ಇದೆಯಾ ಟಾರ್ಚ್ ಹಿಡಿದು ನೋಡಿ. ಹುಳ ಹಾರುವ ತಿಂಗಳುಗಳಲ್ಲಿ ಸಂಜೆ ದೀಪ ಆರಿಸಿ, ಮುಚ್ಚಳಗಳನ್ನು ಹಾಕಿ. ಸೋರಿಕೆ ಕಂಡ ದಿನವೇ ಮುಚ್ಚಿ, ಒಳಗೆ ಗಾಳಿಯಾಡಲು ಬಿಡಿ.

ಟೆಂಟ್ ಹೊದಿಸಿ ಗ್ಯಾಸ್ ಬಿಡಿಸುವುದು ಬೋಟಿಗೆ ಸರಿ, ಏಕೆಂದರೆ ಗೂಡು ಪೂರ್ತಿ ಅದರೊಳಗೇ ಇರುತ್ತದೆ. ಮನೆಯಲ್ಲಿ ನೆಲದಿಂದ ಬರುವ ಗೆದ್ದಲಿಗೆ ಟೆಂಟ್ ಹಾಕಿಸಿದರೆ ಮಣ್ಣಿನೊಳಗಿನ ಗೂಡು ಹಾಗೇ ಉಳಿಯುತ್ತದೆ. ಗ್ಯಾಸ್ ಹೋದ ಮೇಲೆ ರಕ್ಷಣೆಯೂ ಉಳಿಯುವುದಿಲ್ಲ. ಮಾಡಿಸಿದರೆ ಅಕ್ಕಿ, ಬೇಳೆ, ಮಾತ್ರೆ ಯಾವುದನ್ನೂ ಒಳಗೆ ಹಾಗೇ ಬಿಡಬೇಡಿ. ಒಳಗೆ ಹೋಗಬಹುದು ಎಂದು ಅವರು ಬರೆದು ಕೊಡುವ ತನಕ ಬಾಗಿಲು ತೆಗೆಯಬೇಡಿ.

ಹಳೇ ಬೋಟು ಕೊಳ್ಳುವವರು ಮೊದಲು ಗೆದ್ದಲಿನ ಪರೀಕ್ಷೆ ಮಾಡಿಸಿ. ನಿಮ್ಮ ಬೋಟಿನಲ್ಲೇ ಹುಳ ಕಂಡರೆ ಅದು ಹೋಗುವ ತನಕ ಬೋಟು ನಿಲ್ಲಿಸುವ ಬೇರೆ ಮರೀನಾಕ್ಕೆ ಒಯ್ಯಬೇಡಿ. ಗೆದ್ದಲು ಹೊಸ ಊರು ಸೇರುವುದು ಹೀಗೆಯೇ.