ಅನ್ನ ಬಿಡಬೇಡಿ, ಅಳತೆ ಬದಲಿಸಿ

ಮದುವೆಗಳು ಹತ್ತಿರ ಬಂದವು ಅಂತ ಮತ್ತೆ "ಏಳು ದಿನದಲ್ಲಿ ಐದು ಕೆಜಿ" ಡಯಟ್ ಎಲ್ಲರ ಮೊಬೈಲಲ್ಲಿ ಓಡಾಡುತ್ತಿದೆ. ದಯವಿಟ್ಟು ಅದನ್ನು ಹಿಡಿಯಬೇಡಿ. ಮೊದಲ ವಾರ ಇಳಿಯುವುದು ಹೆಚ್ಚಾಗಿ ನೀರು, ಕೊಬ್ಬಲ್ಲ. ಮೈಯಲ್ಲಿ ಕೂಡಿಟ್ಟ ಗ್ಲೈಕೋಜನ್ (ಅನ್ನ ರೊಟ್ಟಿಯಿಂದ ಬರುವ ಸಕ್ಕರೆಯ ದಾಸ್ತಾನು) ಗ್ರಾಮಿಗೆ ಸುಮಾರು 3 ಗ್ರಾಂ ನೀರು ಹಿಡಿದುಕೊಂಡಿರುತ್ತದೆ, ಅನ್ನ ರೊಟ್ಟಿ ಒಮ್ಮೆಲೇ ನಿಲ್ಲಿಸಿದರೆ ಅದು ಖಾಲಿಯಾಗಿ ನೀರೂ ಹೋಗುತ್ತದೆ, ತಿನ್ನೋಕೆ ಶುರು ಮಾಡಿದ ಕೂಡಲೇ ವಾಪಸ್ ಬರುತ್ತದೆ. ಅಷ್ಟರಲ್ಲಿ ಸ್ನಾಯುವೂ ಸ್ವಲ್ಪ ಕರಗಿರುತ್ತದೆ, ಹಸಿವು ಜಾಸ್ತಿಯಾಗಿರುತ್ತದೆ. ನನಗೆ ಎರಡು ಸಲ ಹೀಗೇ ಆಯಿತು, ಆಮೇಲೆ ಬಿಟ್ಟೆ.

ನಮ್ಮ ಮಲೆನಾಡಲ್ಲಿ ಅಕ್ಕಿ ಮುಟ್ಟದೆ ಎಷ್ಟು ದಿನ ಇರೋಕಾಗುತ್ತೆ ಹೇಳಿ? ಮೂರು ಅಕ್ಕಿ ರೊಟ್ಟಿ ತಿನ್ನುವವರು ಎರಡಕ್ಕೆ ಇಳಿಸಿ, ಜೊತೆಗೆ ಹೆಸರುಕಾಳಿನ ಪಲ್ಯವೋ ಮೊಟ್ಟೆಯೋ ಇರಲಿ, ಹೊಟ್ಟೆ ತುಂಬಾ ಹೊತ್ತು ತುಂಬಿದ ಹಾಗೇ ಇರುತ್ತದೆ. ಅನ್ನಕ್ಕೆ ಒಂದೆಲಗದ ತಂಬುಳಿ, ಬಸಳೆ ಸಾರು ಧಾರಾಳವಾಗಿ ಹಾಕಿಕೊಳ್ಳಿ. ಹಲಸಿನ ಹಪ್ಪಳ ಕರಿಯುವ ಬದಲು ಕೆಂಡದಲ್ಲಿ ಸುಡಿ.

ಕಾಫಿ ಲೆಕ್ಕ ಯಾರೂ ಹಾಕಲ್ಲ, ಅಲ್ವಾ? ನಾಲ್ಕು ಲೋಟಕ್ಕೆ ಎರಡೆರಡು ಚಮಚ ಅಂದರೆ ಸಕ್ಕರೆಯಿಂದಲೇ ಸುಮಾರು 130 ಕ್ಯಾಲರಿ. ಎರಡು ವಾರಕ್ಕೊಮ್ಮೆ ಅರ್ಧ ಚಮಚ ಕಡಿಮೆ ಮಾಡಿ, ನಾಲಿಗೆಗೆ ಗೊತ್ತೇ ಆಗುವುದಿಲ್ಲ.

ಆಗುಂಬೆ, ತೀರ್ಥಹಳ್ಳಿ ಕಡೆಯವರು ಮಳೆಗಾಲದಲ್ಲಿ ಜಗಲಿಯಲ್ಲೇ ಊಟವಾದ ಮೇಲೆ 15 ನಿಮಿಷ ನಡೆಯಿರಿ. ತಿಂಗಳಿಗೆ 1ರಿಂದ 2 ಕೆಜಿ ಇಳಿದರೆ ಸಾಕು. ಶುಗರ್ ಮಾತ್ರೆ ತಗೊಳ್ಳುವವರು ಮಾತ್ರ ಊಟ ಕಡಿಮೆ ಮಾಡುವ ಮುಂಚೆ ಡಾಕ್ಟರನ್ನು ಕೇಳಿ.