ರೆಸಾರ್ಟಿಗೆ ಹೋಗದೆ ಪಂಚಾಯಿತಿ ಉಳಿಸಿಕೊಂಡಿದ್ದು: ನನ್ನ ಅನುಭವ

ಎರಡು ಸಲ ಸೋತು, ಮೂರನೇ ಸಲಕ್ಕೆ ಆಯಿತು. ಅಧ್ಯಕ್ಷರ ಆಯ್ಕೆ ದಿನ ನಮ್ಮ ಪಕ್ಷದ ಸದಸ್ಯರು ಒಬ್ಬರೂ ತಪ್ಪಿಸಿಕೊಳ್ಳಲಿಲ್ಲ. ಯಾರನ್ನೂ ಎಲ್ಲಿಗೂ ಕರೆದುಕೊಂಡು ಹೋಗಿರಲಿಲ್ಲ. ಹಿಂದಿನ ರಾತ್ರಿ ಎಲ್ಲರೂ ಅವರವರ ಮನೆಯಲ್ಲೇ ಮಲಗಿದ್ದರು. ಇದನ್ನು ಮೊದಲು ಹೇಳಿದಾಗ ಜಿಲ್ಲಾ ಮಟ್ಟದ ನಮ್ಮ ನಾಯಕರೊಬ್ಬರು "ನಿಂಗೆ ತಲೆ ಸರಿ ಇದ್ಯಾ, ಮನೇಲಿ ಬಿಟ್ರೆ ಬೆಳಗ್ಗೆ ಒಬ್ಬನೂ ಸಿಗಲ್ಲ" ಅಂದಿದ್ದರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಊರಿನ ಹೆಸರು ಹಾಕುವುದಿಲ್ಲ. ಕೊಡಗಿನಲ್ಲಿ ವಾರ್ಡು, ಚೀಫ್ ಆಫೀಸರು ಅಂತ ಇರುವ ಊರುಗಳೇ ಬೆರಳೆಣಿಕೆ. ಸದಸ್ಯರ ಸಂಖ್ಯೆ ಹೇಳಿದರೂ ಯಾವ ಊರು ಅಂತ ಗೊತ್ತಾಗಿಬಿಡುತ್ತದೆ. ಪಟ್ಟಣ ಪಂಚಾಯಿತಿಯೋ ಪುರಸಭೆಯೋ ಅದೂ ಬೇಡ, ನಮ್ಮ ಊರವರು ಹೇಗೂ ಪಂಚಾಯಿತಿ ಅಂತಲೇ ಕರೆಯುವುದು. ಬಹುಮತಕ್ಕಿಂತ ನಮಗೆ ಒಂದೇ ಒಂದು ಕೈ ಜಾಸ್ತಿ ಇತ್ತು, ಅದೂ ಒಬ್ಬ ಪಕ್ಷೇತರರನ್ನು ಸೇರಿಸಿಕೊಂಡು.

ಮೊದಲ ಸೋಲು ಹತ್ತು ವರ್ಷದ ಹಿಂದಿನದು. ಆಗ ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ, ಎದುರು ಪಕ್ಷದವರ ಕೈಗೆ ಸಿಗದ ಹಾಗೆ ನಮ್ಮ ಸದಸ್ಯರನ್ನು ಊರಿಂದ ಹೊರಗೆ ಸಾಗಿಸಿದೆ. ಎರಡು ಇನ್ನೋವಾ, ಕುಟ್ಟ ದಾಟಿ ವಯನಾಡು, ಅಲ್ಲಿಂದ ಕಲ್ಲಿಕೋಟೆ, ಒಟ್ಟು ಒಂಬತ್ತು ದಿನ. ನಾಲ್ಕೂವರೆ ಲಕ್ಷದ ಹತ್ತಿರ ಖರ್ಚಾಯಿತು, ಅದರಲ್ಲಿ ಒಂದೂವರೆ ನನ್ನದೇ, ಮೆಣಸು ಮಾರಿದ ದುಡ್ಡು. ನಾಲ್ಕನೇ ದಿನದಿಂದಲೇ ಜಗಳ ಶುರು. ಒಬ್ಬರಿಗೆ ಏಸಿ ರೂಮು ಸಿಗಲಿಲ್ಲ, ಇನ್ನೊಬ್ಬರ ಮಗಳಿಗೆ ಜ್ವರ, ಫೋನ್ ಕಿತ್ತಿಟ್ಟಿದ್ದಕ್ಕೆ ಎಲ್ಲರಿಗೂ ಸಿಟ್ಟು. ಕಟ್ಟಿಹಾಕಿದ ದನದ ಹಾಗೆ ಮಾಡಿದಿರಿ ಅಂತ ಒಬ್ಬರು ಮುಖಕ್ಕೇ ಹೇಳಿದರು. ವಾಪಸ್ ಬಂದು ಸಭೆಗೆ ಕೂತಾಗ ಅವರೇ ಆ ಕಡೆಯವರಿಗೆ ಕೈ ಎತ್ತಿದರು. ಇಷ್ಟು ದಿನ ನಮ್ಮ ಅನ್ನ ತಿಂದು ಹೀಗೆ ಮಾಡಿದರಲ್ಲ ಅಂತ ತುಂಬಾ ದಿನ ನೊಂದುಕೊಂಡಿದ್ದೆ. ಈಗ ಯೋಚಿಸಿದರೆ, ಅವರನ್ನು ಆ ಕಡೆಗೆ ತಳ್ಳಿದ್ದೇ ಆ ಒಂಬತ್ತು ದಿನ.

ನಮ್ಮ ಜಿಲ್ಲೆಗೆ ರೆಸಾರ್ಟ್ ರಾಜಕೀಯ ಹೊಸದಲ್ಲ ಬಿಡಿ. 2017ರಲ್ಲಿ ತಮಿಳುನಾಡಿನ ಅಣ್ಣಾ ಡಿಎಂಕೆಯ ದಿನಕರನ್ ಬಣದ ಶಾಸಕರನ್ನು ತಂದಿಟ್ಟಿದ್ದು ಕೊಡಗಿನಲ್ಲೇ. ಆಮೇಲೆ ಆ ಬಣದ 18 ಜನರನ್ನು ಅಲ್ಲಿನ ಸ್ಪೀಕರ್ ಅನರ್ಹ ಮಾಡಿದರು. ಅಷ್ಟು ದೊಡ್ಡವರಿಗೇ ರೆಸಾರ್ಟಿನಿಂದ ಕೆಲಸ ಆಗಲಿಲ್ಲ ಅಂದಮೇಲೆ ವಾರ್ಡ್ ಮೆಂಬರುಗಳನ್ನು ಹೊತ್ತು ತಿರುಗಿದರೆ ಆಗುತ್ತಾ?

ಎರಡನೇ ಸೋಲು 2020ರದ್ದು. ಆ ಬ್ಯಾಚಿನವರ ಕಷ್ಟ ಗೊತ್ತಲ್ವಾ? 2018ರಲ್ಲಿ ಗೆದ್ದವರು, ಅಧ್ಯಕ್ಷ ಸ್ಥಾನ ಯಾವ ವರ್ಗಕ್ಕೆ ಅನ್ನುವ ಮೀಸಲಾತಿ ಪಟ್ಟಿಯ ಜಗಳ ಕೋರ್ಟಿನಲ್ಲಿ ಎಳೆದಾಡಿ, 2020ರ ಕೊನೆವರೆಗೂ ಅಧ್ಯಕ್ಷರೇ ಇಲ್ಲದೆ ಕೂತರು. ಆಡಳಿತಾಧಿಕಾರಿಯ ಕಾಲ. ಗೆದ್ದ ಮೆಂಬರಿಗೆ ಒಂದು ಬೀದಿದೀಪ ಹಾಕಿಸುವ ತಾಕತ್ತೂ ಇಲ್ಲ, ವಾರ್ಡಿನವರು ದಾರಿಯಲ್ಲಿ ಸಿಕ್ಕಿದರೆ ಬೈಗುಳ. ಎರಡು ವರ್ಷ ಹೀಗೆ ಕೂತವರನ್ನು ನಮ್ಮ ಪಕ್ಷದವರು ಒಂದು ಸಲವೂ ಕರೆದು ಮಾತಾಡಿಸಿರಲಿಲ್ಲ. ಆ ಕಡೆಯವರು ಮಾತಾಡಿಸಿದರು, ಅಷ್ಟೇ.

ಆ ಸಲ ವಿಪ್ ಕೊಟ್ಟಿದ್ದೆವು, ಅಂದರೆ ಪಕ್ಷ ಹೇಳಿದವರಿಗೇ ಮತ ಹಾಕಬೇಕು ಅನ್ನುವ ಲಿಖಿತ ಆದೇಶ. ಇಬ್ಬರು ಉಲ್ಲಂಘಿಸಿದರು. ಸ್ಥಳೀಯ ಸಂಸ್ಥೆಗಳಿಗೇ ಅಂತ ಪಕ್ಷಾಂತರ ನಿಷೇಧ ಕಾನೂನು 1987ರಿಂದಲೇ ಇದೆ, ಇದು ನಿಮಗೆಲ್ಲ ಗೊತ್ತಿರುವುದೇ. ದೂರು ಕೊಟ್ಟೆವು, ವಕೀಲರಿಗೆ 60 ಸಾವಿರ ಹೋಯಿತು. ಬಿದ್ದುಹೋಯಿತು. ತಪ್ಪು ನಮ್ಮ ಕಾಗದದ್ದೇ. ವಿಪ್‌ಗೆ ಸಹಿ ಹಾಕಿದ್ದು ಬ್ಲಾಕ್ ಅಧ್ಯಕ್ಷರು, ಪಕ್ಷ ಅಧಿಕಾರ ಪತ್ರ ಕೊಟ್ಟಿದ್ದು ಬೇರೆಯವರಿಗೆ. ಒಬ್ಬರ ಮನೆಗೆ ಬೀಗ ಹಾಕಿತ್ತು ಅಂತ ನಮ್ಮ ಹುಡುಗ ಗೇಟಿಗೆ ಅಂಟಿಸಿ ಬಂದಿದ್ದ. ಸಾಕ್ಷಿ ಇಲ್ಲ, ಫೋಟೋ ಇಲ್ಲ, ಆ ರಾತ್ರಿ ಮಳೆ ಬಂದು ಕಾಗದವೂ ಇಲ್ಲ. "ನನಗೆ ತಲುಪಲೇ ಇಲ್ಲ" ಅಂದರು ಅವರು. ನಾವು ಏನು ತೋರಿಸುವುದು?

ಆ ಇಬ್ಬರಲ್ಲಿ ಒಬ್ಬರು ಮಹಿಳಾ ಸದಸ್ಯೆ. ಅವರ ಮನೆಗೆ ನಾನು ಏನಿಲ್ಲ ಅಂದರೂ ಹತ್ತು ಸಲ ಹೋಗಿದ್ದೆ. ಜಗಲಿಯಲ್ಲಿ ಅವರ ಗಂಡನ ಜೊತೆ ಕೂತು ಎಲ್ಲ ಮಾತಾಡಿ ಮುಗಿಸಿ, ಕಾಫಿ ಕುಡಿದು ಬರುತ್ತಿದ್ದೆ. ಚುನಾವಣೆ ಮುಗಿದು ಎರಡು ತಿಂಗಳ ಮೇಲೆ ಸಂತೆಯಲ್ಲಿ ಸಿಕ್ಕಿದರು. ಕೈಯಲ್ಲಿ ಸೊಪ್ಪಿನ ಕಟ್ಟು. ಯಾಕಮ್ಮ ಹೀಗೆ ಮಾಡಿದಿರಿ ಅಂತ ಕೇಳಿಯೇಬಿಟ್ಟೆ. ಅವರು ನಿಧಾನವಾಗಿ ಹೇಳಿದರು: "ಅಣ್ಣ, ನೀವು ಇಷ್ಟು ಸಲ ಮನೆಗೆ ಬಂದ್ರಿ. ನನ್ನ ಹತ್ರ ಒಂದು ಸಲ ಆದ್ರೂ ಕೇಳಿದ್ರಾ? ಕಾಫಿ ತಂದಿಟ್ಟು ಒಳಗೆ ಹೋಗೋದಷ್ಟೇ ನನ್ನ ಕೆಲಸ ಅಂದ್ಕೊಂಡ್ರಿ." ಅದು ನನಗೆ ಚೆನ್ನಾಗಿ ನಾಟಿತು. ಅರ್ಧ ಸೀಟು ಮಹಿಳೆಯರಿಗೆ ಮೀಸಲು. ಅರ್ಧ ಸದಸ್ಯರ ಜೊತೆ ಮಾತೇ ಆಡದೆ ಬಹುಮತದ ಲೆಕ್ಕ ಹಾಕುತ್ತಿದ್ದೆವು ನಾವು.

ಅಲ್ಲಿಂದ ನಾನು ದಾರಿ ಬದಲಾಯಿಸಿದೆ. ಒಂದು ನೂರು ಪುಟದ ನೋಟ್‌ಬುಕ್ ತಗೊಂಡೆ. ಒಬ್ಬೊಬ್ಬ ಸದಸ್ಯರಿಗೆ ನಾಲ್ಕು ಪುಟ. ಅವರ ವಾರ್ಡಿನಲ್ಲಿ ಬಾಕಿ ಇರುವುದೇನು, ಯಾರ ಫಾರಂ 3 (ಮನೆ, ಜಾಗದ ಖಾತೆ ಕಾಗದ) ಎಷ್ಟು ತಿಂಗಳಿಂದ ಕೂತಿದೆ, ಯಾವ ಚರಂಡಿ, ಯಾವ ನಲ್ಲಿ. ಮಂಗಳವಾರ ಬೆಳಗ್ಗೆ ಆಫೀಸಿಗೆ ಹೋಗಿ ಒಂದೊಂದೇ ಫೈಲು ಕೇಳುವುದು. ನಾನು ಮೆಂಬರ್ ಅಲ್ಲ, ನನ್ನ ಮಾತಿಗೆ ಅಲ್ಲಿ ಬೆಲೆ ಕಮ್ಮಿ, ಆದರೆ ಬಿಡದೆ ಹೋದರೆ ಕೆಲಸ ಆಗುತ್ತದೆ. ಕೆಲಸ ಆದಮೇಲೆ ನನ್ನ ಹೆಸರು ಎಲ್ಲೂ ಬರಬಾರದು. ಆಯಾ ಮೆಂಬರೇ ಹೋಗಿ ವಾರ್ಡಿನವರ ಕೈಗೆ ಕಾಗದ ಕೊಡಬೇಕು. ಸುಮಾರು ಮೂರೂವರೆ ವರ್ಷ ಹೀಗೇ ಮಾಡಿದೆ. ಎಂಬತ್ತು ತೊಂಬತ್ತು ಫೈಲು ಮುಗಿದಿರಬಹುದು. ನನ್ನ ಸ್ಕೂಟರಿನ ಪೆಟ್ರೋಲು ಬಿಟ್ಟರೆ ಖರ್ಚಿಲ್ಲ.

ಮಧ್ಯೆ ಒಂದೆರಡು ಪ್ರಯೋಗ ಮಾಡಿ ಕೈಬಿಟ್ಟೆ. ವಾಟ್ಸಾಪ್ ಗುಂಪು ಮಾಡಿದ್ದೆವು. ಮೂರೇ ವಾರಕ್ಕೆ ನಮ್ಮ ಮಾತೆಲ್ಲ ಆ ಕಡೆ ಹೋಗುತ್ತಿದೆ ಅಂತ ಗೊತ್ತಾಯಿತು, ಮುಚ್ಚಿದೆ. ಇನ್ನೊಂದು, ಆಣೆ ಪ್ರಮಾಣ. ಭಾಗಮಂಡಲಕ್ಕೆ ಹೋಗಿ ಕಾವೇರಮ್ಮನ ಮುಂದೆ ಆಣೆ ಮಾಡಿಸೋಣ ಅಂತ ಹಿರಿಯರೊಬ್ಬರು ಹಠ ಹಿಡಿದರು. ನಮ್ಮಲ್ಲಿ ಮಾಪಿಳ್ಳೆ ಮುಸ್ಲಿಮರೊಬ್ಬರು, ಕ್ರಿಶ್ಚಿಯನ್ ಒಬ್ಬರು ಇದ್ದಾರೆ, ಅವರಿಗೆ ಬೇರೆ ಕಡೆ ಮಾಡಿಸುವುದಾ? ಅದೂ ಅಲ್ಲದೆ 2020ರಲ್ಲಿ ಎಲ್ಲರಿಗಿಂತ ಮೊದಲು ಆಣೆ ಮಾಡಿದವರೇ ಎಲ್ಲರಿಗಿಂತ ಮೊದಲು ಹೋಗಿದ್ದು. ಆಣೆ ಕೇಳಿದ ಕೂಡಲೇ ನಿನ್ನ ಮೇಲೆ ನಂಬಿಕೆ ಇಲ್ಲ ಅಂತ ಹೇಳಿದ ಹಾಗಾಗುತ್ತದೆ. ಬೇಡ ಅಂದೆ.

ಕೈ ಎತ್ತುವ ಅಭ್ಯಾಸ ಮಾತ್ರ ಕೆಲಸಕ್ಕೆ ಬಂತು. ನನ್ನ ಮನೆಯ ಕಾಫಿ ಕಣದಲ್ಲಿ ಎಲ್ಲರನ್ನೂ ಸಾಲಾಗಿ ಕೂರಿಸಿ, ಸಭೆಯಲ್ಲಿ ಕೇಳುವ ಹಾಗೇ ಕೇಳಿ, ಕೈ ಎತ್ತಿಸಿದೆ. ನಾನು ಕೈಗಳನ್ನು ಎಣಿಸಲಿಲ್ಲ, ಕಣ್ಣುಗಳನ್ನು ನೋಡಿದೆ. ಒಬ್ಬರು ಪಕ್ಕದವರು ಎತ್ತಿದ್ದನ್ನು ನೋಡಿ ಆಮೇಲೆ ಎತ್ತಿದರು, ಮೊಣಕೈ ಕಿವಿಯ ತನಕವೂ ಹೋಗಲಿಲ್ಲ. ಆ ಸಂಜೆಯೇ ಅವರ ಮನೆಗೆ ಹೋದೆ. ಅಲ್ಲಿ ಏನು ಮಾತಾಯಿತು ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ, ಮುಂದಿನ ಸಲಕ್ಕೂ ಬೇಕಲ್ಲ. ದುಡ್ಡಿನ ಮಾತಂತೂ ಅಲ್ಲ.

ಅದೇ ಸದಸ್ಯರು ಇರುವಾಗಲೇ ಎರಡನೇ ಅವಧಿಯ ಅಧ್ಯಕ್ಷ ಸ್ಥಾನಕ್ಕೆ ಮೀಸಲಾತಿ ಪಟ್ಟಿ ಬಂದಿದ್ದು 2024ರ ಆಗಸ್ಟಿನಲ್ಲಿ. ಈ ಪಟ್ಟಿಯೇ ಅರ್ಧ ಪಕ್ಷಾಂತರಕ್ಕೆ ಕಾರಣ, ಇದನ್ನು ಹೊರಗಿನವರು ಗಮನಿಸುವುದಿಲ್ಲ. ಅಧ್ಯಕ್ಷ ಸ್ಥಾನ ಯಾವ ವರ್ಗಕ್ಕೆ ಬಂತೋ ಆ ವರ್ಗದ ಸದಸ್ಯರು ಬಹುಮತ ಇರುವ ಪಕ್ಷದಲ್ಲಿ ಇಲ್ಲದೇ ಇರಬಹುದು. ಆಗ ಆ ಕಡೆಯಿಂದ ಒಬ್ಬರನ್ನು ಎಳೆದುತಂದು ಕುರ್ಚಿ ಕೊಡುತ್ತಾರೆ, ಜೊತೆಗೆ ಇಬ್ಬರು ಸ್ನೇಹಿತರೂ ಬರುತ್ತಾರೆ. ನಮ್ಮಲ್ಲಿ ಆ ವರ್ಗಕ್ಕೆ ಇಬ್ಬರಿದ್ದರು, ಇಬ್ಬರಿಗೂ ಆಸೆ. ಉಳಿದಿದ್ದೇ ಒಂದೂಕಾಲು ವರ್ಷ, ಅದನ್ನು ಹಂಚುವುದು ಹೇಗೆ? ತಾರೀಖು ಹಾಕದ ರಾಜೀನಾಮೆ ಪತ್ರ ಬರೆಸಿ ಇಟ್ಟುಕೊಳ್ಳಿ ಅಂತ ಸಲಹೆ ಬಂತು. ಆ ಪತ್ರ ನಂಬಿ ಕೆಟ್ಟವರನ್ನು ಸುಮಾರು ನೋಡಿದ್ದೇನೆ. ನಾನು ಇಬ್ಬರನ್ನೂ ಎದುರಾಬದುರು ಕೂರಿಸಿ, ನೀವೇ ತೀರ್ಮಾನ ಮಾಡಿ, ನಾನು ಹೊರಗೆ ಇರುತ್ತೇನೆ ಅಂದೆ. ಎರಡು ಗಂಟೆ ಹಿಡಿಯಿತು. ಒಬ್ಬರಿಗೆ ಅಧ್ಯಕ್ಷ ಸ್ಥಾನ, ಇನ್ನೊಬ್ಬರಿಗೆ ಸ್ಥಾಯಿ ಸಮಿತಿ, ಮತ್ತೆ ಅವರ ವಾರ್ಡಿನ ರಸ್ತೆ ಮೊದಲ ಕ್ರಿಯಾಯೋಜನೆಯಲ್ಲೇ ಬರಬೇಕು ಅಂತ ಒಪ್ಪಂದ. ಎಲ್ಲರ ಮುಂದೆ ಓದಿ ಹೇಳಿದೆ. ಮುಚ್ಚುಮರೆ ಇರಲಿಲ್ಲ.

ಈ ಸಲ ಆ ಕಡೆಯಿಂದ ಮೂರು ಲಕ್ಷದ ಮಾತು ಬಂದಿತ್ತಂತೆ, ನಮ್ಮ ಇಬ್ಬರಿಗೆ. ಇಬ್ಬರೂ ಬಂದು ನನಗೇ ಹೇಳಿದರು. ಒಬ್ಬರದ್ದು ನಾಲ್ಕು ಎಕರೆ ರೋಬಸ್ಟಾ ಇದೆ, ಆ ವರ್ಷ ಕಾಫಿಗೆ ಯಾರೂ ಕಾಣದ ಬೆಲೆ. "ಮೂರು ಲಕ್ಷಕ್ಕೆ ಮರ್ಯಾದೆ ಮಾರ್ಕೊಳ್ಳೋ ಕಾಲ ಅಲ್ಲ ಇದು ಮಾವ" ಅಂದರು. ಇನ್ನೊಬ್ಬರು ಬಾಡಿಗೆ ಮನೆಯಲ್ಲಿರುವವರು, ಜೀಪು ಓಡಿಸುತ್ತಾರೆ. ಅವರು ನಿಂತಿದ್ದೇ ನನಗೆ ದೊಡ್ಡದು.

ಕಾಗದದ ಕೆಲಸಕ್ಕೆ ಈ ಸಲ ಯಾರನ್ನೂ ನಂಬಲಿಲ್ಲ. ವಿಪ್ ಕೊಡುವ ಅಧಿಕಾರ ಯಾರಿಗೆ ಅಂತ ಪಕ್ಷದ ಪತ್ರ ಮೊದಲು ತರಿಸಿದೆ, ಅದರ ಒಂದು ಪ್ರತಿ ಮುಖ್ಯಾಧಿಕಾರಿಗಳಿಗೆ ಕೊಟ್ಟು ಸೀಲು ಹಾಕಿಸಿಕೊಂಡೆ. ಆಮೇಲೆ ಪ್ರತಿಯೊಬ್ಬರಿಗೂ ಕೈಯಲ್ಲಿ ಕೊಟ್ಟು ಇಬ್ಬರು ಸಾಕ್ಷಿಗಳ ಮುಂದೆ ಸಹಿ, ಜೊತೆಗೆ ರಿಜಿಸ್ಟರ್ಡ್ ಪೋಸ್ಟು, ಕೊಡುವಾಗ ವಿಡಿಯೋ. ನಮ್ಮವರೇ ಅಲ್ವಾ, ಇಷ್ಟೆಲ್ಲ ಯಾಕೆ ಅಂತ ಕೇಳಿದರು. ಎಲ್ಲರಿಗೂ ಒಂದೇ ರೀತಿ ಕೊಟ್ಟರೆ ಯಾರಿಗೂ ಬೇಜಾರಿಲ್ಲ, ಮೊದಲ ವಿಪ್ ತಗೊಂಡಿದ್ದು ಅಧ್ಯಕ್ಷ ಸ್ಥಾನದ ಅಭ್ಯರ್ಥಿಯೇ. ಪಕ್ಷೇತರರಿಗೆ ಮಾತ್ರ ಪಕ್ಷ ಸೇರಿ ಅಂತ ಹೇಳಬೇಡಿ. ಗೆದ್ದಮೇಲೆ ಪಕ್ಷ ಸೇರಿದರೆ ಅವರ ಸ್ಥಾನಕ್ಕೇ ಕುತ್ತು. ಶಾಲು ಹಾಕಿ ಫೋಟೋ ತೆಗೆಸುವ ಚಪಲ ಇರುವವರನ್ನು ಅವರಿಂದ ದೂರ ಇಡಿ. ಹೊರಗಿದ್ದು ಕೈ ಎತ್ತಿದರೆ ಸಾಕು.

ಶಾಸಕರು, ಸಂಸದರಿಗೂ ಮತ ಇದೆ ಅನ್ನುವುದನ್ನು ಲೆಕ್ಕದಲ್ಲಿ ಮರೆಯಬೇಡಿ. ಈ ಸಲ ಒಬ್ಬರು ಒಂದು ಪಕ್ಷ, ಇನ್ನೊಬ್ಬರು ಇನ್ನೊಂದು, ಒಂದಕ್ಕೊಂದು ಸರಿಹೋಯಿತು. ಸರ್ಕಾರ ನೇಮಿಸಿದ ನಾಮನಿರ್ದೇಶಿತ ಸದಸ್ಯರು ಎಷ್ಟೇ ಓಡಾಡಲಿ, ಅವರಿಗೆ ಮತ ಇಲ್ಲ.

ಆಯ್ಕೆಯ ದಿನ ಜೋರು ಮಳೆ. ಕರೆಂಟು ಹೋಗಿತ್ತು. ಹತ್ತೂವರೆಗೆ ಸಭೆ, ಹತ್ತಾದರೂ ಒಬ್ಬರು ಬಂದಿರಲಿಲ್ಲ. ಜಿಲ್ಲೆಯ ನಾಯಕರು ನನ್ನನ್ನೇ ನೋಡುತ್ತಿದ್ದರು, ಬಾಯಿಬಿಟ್ಟು ಏನೂ ಹೇಳಲಿಲ್ಲ. ನಾನು ಫೋನ್ ಮಾಡಲಿಲ್ಲ. ಹತ್ತು ಇಪ್ಪತ್ತಕ್ಕೆ ಅವರು ಮಗನ ಬೈಕಿನ ಹಿಂದೆ ಕೂತು ಬಂದರು, ಕೊಡೆ ಹಿಡಿದಿದ್ದರೂ ಸೀರೆ ಅರ್ಧ ಒದ್ದೆ. ದಾರಿಯಲ್ಲಿ ಮರ ಬಿದ್ದಿತ್ತಂತೆ. 2020ರಲ್ಲಿ ಆ ಕಡೆ ಹೋಗಿದ್ದ, ಸಂತೆಯಲ್ಲಿ ಸಿಕ್ಕಿದ್ದರಲ್ಲ, ಅವರೇ. ಮೂರು ವರ್ಷದ ಹಿಂದೆಯೇ ಅವರ ಜೊತೆ ನೇರವಾಗಿ ಮಾತಾಡಿ ವಾಪಸ್ ಕರೆದಿದ್ದೆ. ಈ ಸಲ ಎಲ್ಲರಿಗಿಂತ ಮೊದಲು ಮೇಲೆ ಹೋದ ಕೈ ಅವರದ್ದು.

ಒಟ್ಟು ಖರ್ಚು 38 ಸಾವಿರ ಚಿಲ್ಲರೆ. ವಕೀಲರ ಸಲಹೆ, ಪೋಸ್ಟು, ಜೆರಾಕ್ಸು, ಕಣದಲ್ಲಿ ಮೂರು ಸಲ ಊಟ. ಆ ನೋಟ್‌ಬುಕ್ ತುಂಬಿಹೋಗಿದೆ, ಇನ್ನೊಂದು ತಗೊಂಡಿದ್ದೇನೆ. ಮೊದಲ ಪುಟದಲ್ಲಿ ಸ್ಥಾಯಿ ಸಮಿತಿಯವರ ವಾರ್ಡಿನ ರಸ್ತೆ ಇದೆ. ಮಾತು ಕೊಟ್ಟಿದ್ದೇವೆ, ಮಂಗಳವಾರ ಹೋಗಬೇಕು.